ಗಡಿಗೆಯಿಲ್ಲದ ನೆಲ, ಚಿಟ್ಟೆಯಿಲ್ಲದ ಕೆರೆ

ಏರೋಪ್ಲೇನ್ ಚಿಟ್ಟೆ ಎಣಿಸಲು ಹೋಗುವ ನಮ್ಮಂಥವರಿಗೆ ಒಂದು ಫಾರಂ ಕೊಡುತ್ತಾರೆ. ಕಂಡದ್ದನ್ನು ಅದರಲ್ಲಿ ತುಂಬುವುದು ಕಷ್ಟವೇನಲ್ಲ. ಬೆಂಗಳೂರಿನ ಗವೀಪುರದ ಕೆಂಪಾಂಬುಧಿ ಕೆರೆ ಏರಿಯ ಮೇಲೆ ಗೊತ್ತು ಮಾಡಿದಷ್ಟು ದೂರ ನಡೆದು, ಕೆಂಪು ಮೈಯವು ಇಷ್ಟು, ರೆಕ್ಕೆ ಮಡಿಚಿ ಕೂರುವ ಸೂಜಿಯಂಥ ಸಣ್ಣವು ಇಷ್ಟು ಎಂದು ಗೀಟು ಹಾಕುತ್ತಾ ಹೋದರಾಯಿತು. ಹೋದ ವರ್ಷ ಇದೇ ಜೊಂಡಿನಲ್ಲಿದ್ದ ಜಾತಿ ಈ ಸಲ ಕಾಣದಿದ್ದರೆ ಏನು ಬರೆಯುವುದು? ಸೊನ್ನೆ ಹಾಕಲೋ, ಖಾಲಿ ಬಿಡಲೋ?

ಬ್ಯಾಂಕಿನಿಂದ ನಿವೃತ್ತಳಾದ ಮೇಲೆ ಶಂಕರಪುರದಲ್ಲಿ ಸಂಜೆ ಹೊತ್ತು ವೇದಾಂತ ಪಾಠಕ್ಕೆ ಹೋಗುತ್ತೇನೆ. ಅಲ್ಲಿ ಪ್ರಮಾಣಗಳ, ಅಂದರೆ ತಿಳಿವಿನ ಸಾಧನಗಳ, ವಿಚಾರ ಬಂದಾಗ ಇದೇ ಪ್ರಶ್ನೆ ಎದುರಾಯಿತು. ನೆಲದ ಮೇಲೆ ಗಡಿಗೆ ಇಲ್ಲ ಎಂಬುದು ನಮಗೆ ತಿಳಿಯುವುದು ಹೇಗೆ? ಅದನ್ನೂ ಕಣ್ಣೇ ತಿಳಿಸುತ್ತದೆ ಎಂದರು ನೈಯಾಯಿಕರು. ಕುಮಾರಿಲಭಟ್ಟರ ಕಡೆಯ ಮೀಮಾಂಸಕರೂ ಅದ್ವೈತಿಗಳೂ ಅದಕ್ಕೆಂದೇ ಅನುಪಲಬ್ಧಿ ಎಂಬ ಆರನೆಯ ಪ್ರಮಾಣವನ್ನು ಒಪ್ಪಿದರು. ಜೊತೆಗೊಂದು ಷರತ್ತು: ಇದ್ದಿದ್ದರೆ ಕಾಣಲೇಬೇಕಿತ್ತು ಅನ್ನುವಂಥ ಸ್ಥಿತಿ ಇರಬೇಕು. ಕತ್ತಲೆ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲವೆಂದರೆ ಅದು ದೀಪದ ಸುದ್ದಿ, ಗಡಿಗೆಯದಲ್ಲ.

ಏರೋಪ್ಲೇನ್ ಚಿಟ್ಟೆಗೆ ಬಿಸಿಲು ಬೇಕು. ಮೋಡ ಮುಸುಕಿದರೆ ಗಿಡಗಂಟಿಯೊಳಗೆ ಅಡಗಿಬಿಡುತ್ತದೆ. ಫಾರಂನಲ್ಲಿ ಗಂಟೆ ಎಷ್ಟು, ಬಿಸಿಲೋ ಮೋಡವೋ, ಗಾಳಿ ಹೇಗೆ ಎಂದು ಕೇಳುವುದು ಆ ಹಳೆಯ ಷರತ್ತನ್ನೇ. ಕಂಡದ್ದರ ಫೋಟೋ ಏರಿಸುವ ಐನ್ಯಾಚುರಲಿಸ್ಟ್‌ನಂಥ ಆ್ಯಪ್‌ಗೆ ಈ ತಲೆನೋವಿಲ್ಲ. ಕಾಣದ್ದರ ಫೋಟೋ ಯಾರು ತೆಗೆದಾರು?

ಎದುರುಮನೆ ರಾಯರು ಮಾಧ್ವರು, ಮೂರೇ ಪ್ರಮಾಣದವರು. "ಪ್ರತ್ಯಕ್ಷ, ಅನುಮಾನ, ಆಗಮ ಸಾಲದೇನಮ್ಮ? ಆರು ಯಾಕೆ?" ಎಂದು ರೇಗಿಸುತ್ತಾರೆ. ಅವರಿಗೊಂದು ಏರೋಪ್ಲೇನ್ ಚಿಟ್ಟೆಯ ಪೊರೆ ತಂದು ತೋರಿಸಿದೆ. ಜೊಂಡಿನ ಕಡ್ಡಿಯನ್ನು ಆರೂ ಕಾಲಲ್ಲಿ ಅವುಚಿಕೊಂಡೇ ಒಣಗಿತ್ತು. ಬೆನ್ನು ಸೀಳಿತ್ತು, ಸೀಳಿನಿಂದ ಬಿಳಿಯ ಎಳೆಗಳು ಹೊರಚಾಚಿದ್ದವು. ನೀರಿನೊಳಗೆ ಮರಿಯಾಗಿದ್ದಾಗಿನ ಉಸಿರುಕೊಳವೆಗಳ ಒಳಪದರ ಅದು. ಪೊರೆ ಕಳಚುವಾಗ ಅದೂ ಕಳಚಿ ಬರುತ್ತದೆ. ಹಾರುವ ಚಿಟ್ಟೆ ಎಲ್ಲಿಂದಾದರೂ ಬಂದಿರಬಹುದು, ಈ ಪೊರೆಯ ಒಡೆಯ ಮಾತ್ರ ಇದೇ ನೀರಿನಲ್ಲಿ ಬೆಳೆದವನು. "ಇದು ಶುದ್ಧ ಅನುಮಾನ!" ಎಂದು ರಾಯರು ಹಿಗ್ಗಿದರು.

ಆಮೇಲೆ ಅವರು ಹೇಳಿದ್ದು ನನಗೆ ಹಿಡಿಸಲಿಲ್ಲ. "ಕಾಣಲಿಲ್ಲ ಅಂದ ಮಾತ್ರಕ್ಕೆ ಇಲ್ಲ ಅನ್ನೋಕಾಗುತ್ತೇನಮ್ಮ? ದೇವರೂ ಹಾಗೇ."

ಉಪನ್ಯಾಸಗಳಲ್ಲಿ ಕೇಳಿ ಕೇಳಿ ಸವೆದ ಮಾತು. ಯಾವ ತಿಂಗಳು, ಯಾವ ಹೊತ್ತು, ಎಂಥ ನೀರಿನಂಚಿನಲ್ಲಿ ಕಾಣಬೇಕು ಎಂಬುದು ಚಿಟ್ಟೆಯ ವಿಷಯದಲ್ಲಿ ಮೊದಲೇ ಗೊತ್ತಿರುತ್ತದೆ. ಆಗ ಕಾಣದಿದ್ದರೆ "ಇಲ್ಲ" ಅನ್ನುವ ಹಕ್ಕು ನನಗುಂಟು. ದೇವರ ವಿಷಯದಲ್ಲಿ ಅಂಥ ಷರತ್ತಿಗೆ ರಾಯರು ಸಹಿ ಹಾಕುತ್ತಾರೆಯೇ? ನೈಯಾಯಿಕರಾದ ಉದಯನಾಚಾರ್ಯರು ನ್ಯಾಯಕುಸುಮಾಂಜಲಿಯಲ್ಲಿ, ಕಣ್ಣಿಗೆ ಬೀಳುವ ವಸ್ತುವೇ ಅಲ್ಲದ ಈಶ್ವರನನ್ನು ಕಾಣಲಿಲ್ಲವೆಂದು ಅಲ್ಲಗಳೆಯಲಾಗದು ಎಂದರು, ನಿಜ. ಅಷ್ಟಕ್ಕೇ ಕೈತೊಳೆದುಕೊಳ್ಳದೆ ಬೇರೆ ಯುಕ್ತಿಗಳನ್ನೂ ಕೊಟ್ಟರು. ನಾನೂ ಗವೀಪುರದ ಗುಡಿಯ ಗವಿಗಂಗಾಧರನಿಗೆ ಕೈಮುಗಿಯುವವಳೇ. ಆದರೆ ಅವನ ಪರವಾಗಿ ಈ ಹುಳುವನ್ನು ಸಾಕ್ಷಿಗೆ ಕರೆಯಲಾರೆ.

ನ್ಯಾಯದವರು ಇಲ್ಲದಿರುವುದನ್ನೂ ಬಗೆಬಗೆಯಾಗಿ ವಿಂಗಡಿಸಿದ್ದಾರೆ. ಇನ್ನೂ ಹುಟ್ಟದಿರುವುದು ಪ್ರಾಗಭಾವ, ನಾಶವಾದದ್ದು ಪ್ರಧ್ವಂಸಾಭಾವ. ಮಳೆಗಾಲದಲ್ಲಿ ಹಿಂಡುಹಿಂಡಾಗಿ ಹಾರುವ ಪಂಟಾಲ ಫ್ಲಾವೆಸೆನ್ಸ್ ಎಂಬ ಏರೋಪ್ಲೇನ್ ಚಿಟ್ಟೆ ಆಮೇಲೆ ಮಾಲ್ಡೀವ್ಸ್ ದಾಟಿ ಪೂರ್ವ ಆಫ್ರಿಕಕ್ಕೆ ಹೋಗುತ್ತದೆ ಎಂದು ಜೀವವಿಜ್ಞಾನಿ ಚಾರ್ಲ್ಸ್ ಆಂಡರ್ಸನ್ 2009ರಲ್ಲಿ ಪ್ರತಿಪಾದಿಸಿದರು. ಮರಳಿ ಬರುವುದು ಅದರ ಮಕ್ಕಳು ಮೊಮ್ಮಕ್ಕಳು. ಬೇಸಿಗೆಯಲ್ಲಿ ಅದರ ಮುಂದೆ ಸೊನ್ನೆ ಬಿದ್ದರೆ ದುಃಖಪಡಬೇಕಿಲ್ಲ. ಮೆಜೆಸ್ಟಿಕ್ ಬಸ್ ನಿಲ್ದಾಣದಡಿ ಹೋದ ಧರ್ಮಾಂಬುಧಿ ಕೆರೆಯ ಕಥೆ ಬೇರೆ. ಅಭಾವಕ್ಕೊಂದು ಪ್ರತಿಯೋಗಿ ಬೇಕು, ಯಾವುದು ಇಲ್ಲ ಎಂಬುದು ಮೊದಲು ಗೊತ್ತಿರಬೇಕು. ಅಲ್ಲೇನಿತ್ತೆಂದು ಪಟ್ಟಿ ಮಾಡಿಟ್ಟಿರದಿದ್ದರೆ ಏನು ಹೋಯಿತೆಂದು ಅಳುವುದಕ್ಕೂ ಆಗದು.

ನಮ್ಮ ಲೆಕ್ಕವನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಹುಡುಗನಿಗೆ, ಖಾಲಿ ಬಿಟ್ಟದ್ದೂ ಸೊನ್ನೆಯೂ ಒಂದೇ ಅಲ್ಲಪ್ಪ ಎಂದು ಹೇಳಿದೆ. "ಹುಡುಕಿದೆ, ಇಲ್ಲ" ಎಂದೊಂದು, "ಹುಡುಕಲು ಆಗಲಿಲ್ಲ" ಎಂದೊಂದು, ಎರಡು ಕಾಲಂ ಮಾಡು ಎಂದೆ. ಅವನು ಗಡಿಗೆಯ ಕಥೆಯನ್ನು ಪೂರ್ತಿ ಕೇಳಿಸಿಕೊಂಡು, "ಮುಂದಿನ ಫಾರಂನಲ್ಲಿ ಸೇರಿಸ್ತೀನಿ ಆಂಟಿ" ಎಂದ.