ಹೊರಗೆ ಕನ್ನಡ, ಒಳಗೇನು?

ನಿಜಾಮರ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. ನಮ್ಮ ಸೀಮೆಯವರೆಲ್ಲ ಕೇಳಿ ಬೆಳೆದ ಸಂಗತಿ ಇದು. ಈಗ ನಾವು ಅದನ್ನು ತಲೆಕೆಳಗು ಮಾಡಿದ್ದೇವೆ.

ನುಡಿಯ ಹಳೆಯ ಫಾಂಟಿನಲ್ಲಿ ಟೈಪಿಸಿದ ಒಂದು ಕಡತ ತೆರೆಯಿರಿ. ಕಣ್ಣಿಗೆ ಅಚ್ಚ ಕನ್ನಡ. ಆದರೆ ಕಂಪ್ಯೂಟರಿನ ಪಾಲಿಗೆ ಅಲ್ಲಿರುವುದು ಲ್ಯಾಟಿನ್ ಅಕ್ಷರ, ಚಿಹ್ನೆಗಳು. 'ಕನ್ನಡ' ಎಂಬ ಪದದ ನಡುವೆಯೇ ಬ್ರಿಟನ್ನಿನ ಪೌಂಡ್ ಗುರುತು ಕೂತಿರುತ್ತದೆ! ಫಾಂಟು ಅದಕ್ಕೆ ಕನ್ನಡದ ವೇಷ ತೊಡಿಸುತ್ತದೆ, ಅಷ್ಟೆ. ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶ, ಅಂದರೆ ಸ್ಕ್ರೀನ್ ರೀಡರ್ ಬಳಸುವ ಅಂಧ ವಿದ್ಯಾರ್ಥಿಗೆ ವೇಷ ಕಾಣುವುದಿಲ್ಲ, ಒಳಗಿನ ಗೋಜಲು ಮಾತ್ರ ಕೇಳುತ್ತದೆ. ಅದೇ ಪಠ್ಯ ಯೂನಿಕೋಡಿನಲ್ಲಿದ್ದರೆ ಎನ್‌ವಿಡಿಎ ಅದನ್ನು ಕನ್ನಡದಲ್ಲೇ ಓದುತ್ತದೆ. 2006ರಲ್ಲಿ ಶುರುವಾದ ಈ ಉಚಿತ ತಂತ್ರಾಂಶವನ್ನು ಬೆಳೆಸಿದವರು ಆಸ್ಟ್ರೇಲಿಯಾದ ಇಬ್ಬರು ಅಂಧರು.

ವೆಬ್‌ಸೈಟು, ಆ್ಯಪುಗಳ ವಿನ್ಯಾಸಕಾರರಿಗೆ ಇದನ್ನೆಲ್ಲ ಕಲಿಸುವುದು ಹೇಗೆ? ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಫೋನ್ ಬಳಸಿ ನೋಡಿ ಎನ್ನುವುದು ಜನಪ್ರಿಯ ವಿಧಾನ. ಅದರ ಬಗ್ಗೆ ನನಗೆ ತಕರಾರಿದೆ. ಹತ್ತು ನಿಮಿಷ ಕತ್ತಲಲ್ಲಿ ತಡವರಿಸಿದವರು ಬಟ್ಟೆ ಬಿಚ್ಚಿ 'ಪಾಪ' ಎನ್ನುತ್ತಾರೆ. ವರ್ಷಗಟ್ಟಲೆ ಕಿವಿಯಿಂದಲೇ ಓದಿದವರ ವೇಗ, ಜಾಣ್ಮೆ ಅವರಿಗೆ ತಿಳಿಯುವುದೇ ಇಲ್ಲ. 'ಪಾಪ' ಎಂದವರು ಬಿಡುವಿದ್ದರೆ ಮಾಡುತ್ತಾರೆ, ಗಡುವು ಹತ್ತಿರ ಬಂದರೆ ಕೈಬಿಡುತ್ತಾರೆ.

ಕರುಣೆಯಿಲ್ಲದೆ ಯಾರಾದರೂ ಯಾಕೆ ಶುರುಮಾಡುತ್ತಾರೆ ಎಂದು ಗೆಳತಿಯೊಬ್ಬಳು ವಾದಿಸುತ್ತಾಳೆ. ಶುರುವಿಗೆ ಸರಿ. ಆದರೆ ಮನೆ ಕಟ್ಟುವ ಮೇಸ್ತ್ರಿ ಬಾಗಿಲಿಡುವುದು ಕರುಣೆಯಿಂದಲ್ಲವಲ್ಲ!

ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ. ಆ್ಯಸಿಡ್ ದಾಳಿಯಲ್ಲಿ ಕಣ್ಣು, ಮುಖಕ್ಕೆ ಪೆಟ್ಟಾದವರು ಕಣ್ಣು ಮಿಟುಕಿಸಲಾಗದೆ ಬ್ಯಾಂಕಿನ ಡಿಜಿಟಲ್ ಕೆವೈಸಿಯಲ್ಲಿ ಸಿಕ್ಕಿಬಿದ್ದ ಪ್ರಕರಣದಲ್ಲಿ, ಡಿಜಿಟಲ್ ಸೌಲಭ್ಯ ಬಳಸುವ ಅವಕಾಶವೂ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಹೇಳಿತು. ಅಲ್ಲಿ ಕೊರತೆಯಿದ್ದದ್ದು ಯಾರ ಕಣ್ಣಿನಲ್ಲೂ ಅಲ್ಲ. ಎಲ್ಲರೂ ಕಣ್ಣು ಮಿಟುಕಿಸಬಲ್ಲರು ಎಂದುಕೊಂಡವರ ಊಹೆಯಲ್ಲಿ.

ನಾನಾದರೆ ವಿನ್ಯಾಸಕಾರರು ಮಾಡಿದ ಪುಟವನ್ನು ಅಂಧ ಬಳಕೆದಾರರೊಬ್ಬರಿಗೆ, ಸಂಭಾವನೆ ಕೊಟ್ಟು, ಪರೀಕ್ಷಿಸಲು ಕೊಡುತ್ತೇನೆ. ಮಾಡಿದವರು ಪಕ್ಕದಲ್ಲಿ ಸುಮ್ಮನೆ ಕೂರಬೇಕು. ಹೆಸರಿಡದ ಗುಂಡಿಗಳ ಮೇಲೆ ಸ್ಕ್ರೀನ್ ರೀಡರ್ 'ಬಟನ್, ಬಟನ್, ಬಟನ್' ಎನ್ನುವುದನ್ನು ಕೇಳಬೇಕು. ಆಗ ಅವರು ಕಲಿಯುವುದು ಕುರುಡಿನ ಬಗ್ಗೆ ಅಲ್ಲ, ತಮ್ಮ ಕೆಲಸದ ಬಗ್ಗೆ.

ಸಾಹಿತ್ಯದವರಾದ ನಾವೂ ಹೊರಗಿನವರೇನಲ್ಲ. ಕವಿತೆಯನ್ನು ಹೂವಿನ ಚಿತ್ರದ ಮೇಲೆ ಬರೆದು ಹಂಚುತ್ತೇವೆ. ಎಷ್ಟೋ ಸಲ ಸ್ಕ್ರೀನ್ ರೀಡರ್‌ಗೆ ಅದು ಬರೀ 'ಚಿತ್ರ'. ಅದೇ ಕವಿತೆಯನ್ನು ಕೆಳಗೆ ಯೂನಿಕೋಡಿನಲ್ಲಿ ಟೈಪಿಸಲು ಎರಡು ನಿಮಿಷ ಸಾಕು.