ಮೀನಿಗೆ ಜಾತಿ ಕಲಿಸುವವರು

"ಮೀನಾ ಸೈತ ತನ್ನ ಜಾತಿ ಬಿಟ್ಟು ಕೂಡೂದಿಲ್ರೀ." ರನ್ನ ಬೆಳಗಲಿಯ ಮದುವೆ ಮಾತುಕತೆಗಳಲ್ಲಿ ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಜಾತಿ ಬೇಕೆನ್ನುವವರು ಬೇಕೆಂದೇ ಹೇಳಲಿ, ಮೀನನ್ನೇಕೆ ಸಾಕ್ಷಿಗೆ ಕರೆಯಬೇಕು? ಶಾಸ್ತ್ರಗಳ ವರ್ಣಸಂಕರದ ಭಯ ಹಳೇ ರಾಗ, ಅದಿರಲಿ. ಹನ್ನೆರಡನೆಯ ಶತಮಾನದ ಕಲ್ಯಾಣ ಅದಕ್ಕೆ ಉತ್ತರ ಕೊಟ್ಟಾಗಿದೆ.

ಜಗಳವಾಡಿದರೆ ಅರ್ನ್ಸ್ಟ್ ಮಾಯರ್ ಜತೆ ಆಡಬೇಕು. ತಮ್ಮೊಳಗೇ ಕೂಡಿ ಸಂತಾನ ಬೆಳೆಸುವ, ಹೊರಗಿನವರೊಡನೆ ಬೆರೆಯದ ಗುಂಪೇ ಒಂದು ಪ್ರಭೇದ ಎಂದು 1942ರಲ್ಲಿ ಬರೆದ ಜೀವವಿಜ್ಞಾನಿ ಆತ. ಪ್ರಾಣಿಗಳಲ್ಲಿ ಎಲ್ಲಕ್ಕಿಂತ ಗಟ್ಟಿ ಬೇಲಿ ಸಂಗಾತಿಯ ಆಯ್ಕೆಯೇ, ಬೆರಕೆ ಅಪರೂಪದ ಎಡವಟ್ಟು ಎಂಬುದು ಆತನ ನಿಲುವು.

ಆತನ ವಿರುದ್ಧ ನನ್ನ ಮೊದಲ ಸಾಕ್ಷಿ ನಾಯಿ. ಮುಧೋಳ ನಾಯಿಯ ತಳಿ ಉಳಿಯಬೇಕಾದರೆ ಬೆದೆಗೆ ಬಂದ ಹೆಣ್ಣನ್ನು ಕಟ್ಟಿಹಾಕಬೇಕು. ಬೇಲಿ ನಾಯಿಯದಲ್ಲ, ಯಜಮಾನನದು. ಆದರೆ ಈ ಏಟು ಮಾಯರ್‌ಗೆ ತಾಗದು, ನಾಯಿಗಳೆಲ್ಲ ಒಂದೇ ಪ್ರಭೇದ. ಮನುಷ್ಯರೂ ಅಷ್ಟೇ. ಅಂದಮೇಲೆ ನಮ್ಮೂರ ಹಿರಿಯರ ವಾದ ಮಾಯರ್‌ನ ವ್ಯಾಖ್ಯೆಯಲ್ಲೇ ಬಿದ್ದುಹೋಯಿತು. ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಬೆರಕೆಯೇ ಸ್ವಾತಂತ್ರ್ಯ ಎಂದು ಸಾಧಿಸುವ ಹಟ ನನ್ನದು.

ಹೊಲದ ಕೃಷಿ ಹೊಂಡಕ್ಕೆ ಕಾಟ್ಲಾ, ರೋಹು ಮರಿ ಬಿಟ್ಟಿದ್ದೆ. ಬಲೆಗೆ ಬಂದ ಒಂದು ಮೀನಿನ ತಲೆ ಕಾಟ್ಲಾದಷ್ಟು ದೊಡ್ಡದಲ್ಲ, ರೋಹುವಿನಷ್ಟು ಸಣ್ಣದೂ ಅಲ್ಲ. ಬಾಯಿ ಪೂರ್ತಿ ಮೇಲ್ಮುಖವಾಗಿರಲಿಲ್ಲ, ತುಟಿಯಂಚಿನಲ್ಲಿ ರೋಹುವಿಗಿರುವಂಥ ಸಣ್ಣ ಜಾಲರಿ. ನೋಡು ಮಾಯರ್, ಅಂದುಕೊಂಡೆ. ಆದರೆ ಈ ಮೀನುಗಳು ಹೊಂಡದಲ್ಲಿ ತಾವಾಗಿ ಮೊಟ್ಟೆಯಿಡುವುದಿಲ್ಲ, ಅವಕ್ಕೆ ಮಳೆಗಾಲದ ತುಂಬು ಹೊಳೆ ಬೇಕು. 1957ರಲ್ಲಿ ಹೀರಾಲಾಲ್ ಚೌಧುರಿ ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಮೊಟ್ಟೆಯಿಡಿಸಿದ ಮೇಲೆ ಮರಿ ಮಾಡುವ ಕೆಲಸ ಹೊಳೆಯಿಂದ ತೊಟ್ಟಿಗೆ ಬಂತು. ಎರಡೂ ಬಗೆಯವಕ್ಕೆ ಇಂಜೆಕ್ಷನ್ ಕೊಟ್ಟು ಒಂದೇ ತೊಟ್ಟಿಗೆ ಬಿಟ್ಟರೆ ಯಾರ ಮೊಟ್ಟೆಗೆ ಯಾರ ವೀರ್ಯ ಎಂದು ಕೇಳುವವರಿಲ್ಲ. ನನ್ನ ಸಾಕ್ಷಿ ಬಲವಂತದ ಕೂಸು.

ಮೆಕ್ಸಿಕೋದ ಸ್ವೋರ್ಡ್‌ಟೇಲ್ ಮೀನುಗಳ ಕತೆ ನನಗೆ ಇನ್ನೂ ಪ್ರತಿಕೂಲ. ಅಲ್ಲಿ ಹೆಣ್ಣು ವಾಸನೆಯಿಂದ ಗಂಡನ್ನು ಗುರುತಿಸುತ್ತದೆ. 2006ರ ಪ್ರಯೋಗವೊಂದರಲ್ಲಿ ಶುದ್ಧ ನೀರಿನಲ್ಲಿ ತನ್ನ ಪ್ರಭೇದದ ಗಂಡಿನತ್ತ ಹೋದ ಹೆಣ್ಣಿಗೆ, ಹ್ಯೂಮಿಕ್ ಆಮ್ಲ ಬೆರೆತ ನೀರಿನಲ್ಲಿ ಗುರುತೇ ಹತ್ತಲಿಲ್ಲ. ಅಲ್ಲಿಯ ಬೆರಕೆ ಮೀನುಗಳಲ್ಲಿ ಕೆಲವಕ್ಕೆ, ಎರಡು ಕಡೆಯ ಜೀನುಗಳು ಹೊಂದದೆ, ಬಾಲದಲ್ಲಿ ಕ್ಯಾನ್ಸರ್ ಏಳುತ್ತದೆ. ಬೇಸಿಗೆಯಲ್ಲಿ ಘಟಪ್ರಭೆಯ ಮಡುವಿನ ನೀರು ಹಸಿರುಗಟ್ಟಿ, ಮುಳುಗಿಸಿದ ಕೈಯ ಬೆರಳು ಕಾಣದಿದ್ದಾಗ ನನಗೆ ಈ ಪ್ರಯೋಗದ್ದೇ ಯೋಚನೆ. ಮಾಯರ್ ಹೇಳಿದ ಬೇಲಿ ಇದೆ, ಒಪ್ಪಿದೆ. ಹಾಗಾದರೆ ಕಾಯಬೇಕಾದ್ದು ಬೇಲಿಯನ್ನಲ್ಲ, ಗುರುತಿಸುವ ಶಕ್ತಿಯನ್ನು ಎನ್ನೋಣವೇ? ತಿಳಿನೀರಿನಲ್ಲಿ ಆ ಹೆಣ್ಣು ಆರಿಸಿದ್ದು ತನ್ನವರನ್ನೇ. ಆಯ್ಕೆ ದೊಡ್ಡದೆಂದ ಮೇಲೆ ಅದರ ಫಲವನ್ನು ಬೇಡವೆನ್ನಲು ಬಾಯಿಲ್ಲ.

ಆದರೂ ಮಾಯರ್‌ಗೆ ಪೂರ್ತಿ ಶರಣಾಗಲಾರೆ. ಆಫ್ರಿಕಾದ ವಿಕ್ಟೋರಿಯಾ ಸರೋವರದ ಸುಮಾರು 500 ಬಗೆಯ ಸಿಕ್ಲಿಡ್ ಮೀನುಗಳ ಮೂಲದಲ್ಲಿರುವುದೇ ಎರಡು ಹಳೆಯ ವಂಶಗಳ ಬೆರಕೆ ಎಂದು 2017ರಲ್ಲಿ ಜೀನ್ ಅಧ್ಯಯನ ತೋರಿಸಿತು. ಎಡವಟ್ಟೊಂದು ಇಷ್ಟು ಹೆರುವುದುಂಟೇ? ಅದೇ ಸರೋವರದಲ್ಲಿ ನೀರು ಕದಡಿ ಬಣ್ಣ ಕಾಣದಾಗಿ, ಬಣ್ಣ ನೋಡಿ ಆರಿಸುವ ಹೆಣ್ಣುಗಳು ಗುರುತು ತಪ್ಪಿ, ಬಗೆಬಗೆಯವು ಒಂದರೊಳಗೊಂದು ಕರಗುತ್ತಿವೆ ಎಂದು ಓಲೆ ಸೀಹೌಸೆನ್ ಮತ್ತು ಸಂಗಡಿಗರು 1997ರಲ್ಲೇ ಬರೆದಿದ್ದರು. ಒಂದು ಬೆರಕೆ ನೂರಾರು ಬಗೆ ಮಾಡಿತು, ಇನ್ನೊಂದು ಅವನ್ನೇ ಅಳಿಸುತ್ತಿದೆ. ಯಾವುದು ಯಾವಾಗ ಏನು ಮಾಡೀತೆಂದು ಮೊದಲೇ ಹೇಳುವ ಸೂತ್ರ ಮಾಯರ್ ಬಳಿ ಇರಲಿಲ್ಲ. ನನ್ನ ಬಳಿಯೂ ಇಲ್ಲ.