ಒಳ್ಳೆಯವರು ಚುನಾವಣೆಗೆ ನಿಲ್ಲಬೇಕೇ?



ಕೆಲವು ವಾರಗಳ ಹಿಂದೆ, ಭಾನುವಾರದ ಪೂಜೆ ಮುಗಿದ ಮೇಲೆ, ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯ ತಾಯಿ ಮತ್ತು ಮಗ ನನ್ನನ್ನು ಕಾಣಲು ಬಂದರು. ಮಗ ರಾಯಚೂರಿನಲ್ಲಿ ಓದಿ, ಊರಿಗೆ ಮರಳಿ ಹೊಲ ನೋಡಿಕೊಂಡಿರುವ ಹುಡುಗ. ಊರಿನ ಮುದುಕರಿಗೆ ಪಿಂಚಣಿ ಅರ್ಜಿ ಬರೆದುಕೊಡುತ್ತಾನೆ, ರೇಷನ್ ಕಾರ್ಡಿನ ತೊಡಕು ಬಿಡಿಸುತ್ತಾನೆ, ಯಾರಿಂದಲೂ ಒಂದು ಚಹಾ ಸಹ ಕುಡಿಯುವುದಿಲ್ಲ. ಗ್ರಾಮ ಪಂಚಾಯಿತಿಗೆ ನಿಲ್ಲು ಎಂದು ಓಣಿಯವರೆಲ್ಲ ಅವನ ಬೆನ್ನು ಹತ್ತಿದ್ದಾರೆ. ತಾಯಿಗೆ ಅದೇ ಸಂಕಟ.

"ಫಾದರ್, ನೀವರ ಇವಗ ಬುದ್ಧಿ ಹೇಳ್ರಿ. ಖರೇ ಇದ್ದ ಮಂದಿಗಿ ರಾಜಕೀಯ ಆಗಿ ಬರಂಗಿಲ್ಲ. ನಿಂತ್ರ ಇದ್ದ ಎರಡೆಕರೆ ಹೊಲಾನೂ ಹೋಗ್ತದ, ಗೆದ್ರ ಇವನ ಗುಣಾನ ಹೋಗ್ತದ."

ಆ ತಾಯಿಯ ಮಾತಿಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಹತ್ತು ವರ್ಷಗಳ ಹಿಂದೆ ಕೇಳಿದ್ದರೆ, "ಹೌದಮ್ಮ, ನಮಗ್ಯಾಕೆ ಆ ಕೆಸರು" ಎಂದು ಆಶೀರ್ವಾದ ಮಾಡಿ ಕಳಿಸಿಬಿಡುತ್ತಿದ್ದೆ. ಹಾಗೆ ಕಳಿಸಿದ್ದೂ ಉಂಟು. ಈಗ ಹಾಗೆನ್ನಲು ನಾಲಿಗೆ ಏಳಲಿಲ್ಲ. ಕಾರಣ ಹೇಳುತ್ತೇನೆ, ನಾಚಿಕೆಯಿಂದಲೇ.

ಮಾನ್ವಿ ಕಡೆಯ ಒಂದು ಹಳ್ಳಿಯಲ್ಲಿ ನಮ್ಮ ಚಿಕ್ಕ ಪ್ರಾರ್ಥನಾಲಯದ ಚಾವಣಿ ಸೋರುತ್ತಿತ್ತು. ಚುನಾವಣೆ ಹತ್ತಿರವಿತ್ತು. ಟಿಕೆಟ್ಟಿನ ಆಸೆಯಲ್ಲಿದ್ದ ಒಬ್ಬರು ಒಂದು ಟ್ರ್ಯಾಕ್ಟರ್ ತುಂಬ ಪತ್ರಾಸು ಕಳಿಸಿದರು. ನಾನು ತೆಗೆದುಕೊಂಡೆ. ಅಷ್ಟೇ ಅಲ್ಲ, ಪೂಜೆಯ ಕೊನೆಗೆ ಅವರ ಹೆಸರು ಹೇಳಿ ವಂದನೆಯನ್ನೂ ಸಲ್ಲಿಸಿದೆ. ಅದರ ಮುಂದಿನ ವಾರದ ಪ್ರಬೋಧನೆಯಲ್ಲಿ ಓಟು ಮಾರಿಕೊಳ್ಳುವುದು ಪಾಪ ಎಂದು ಗಟ್ಟಿಯಾಗಿ ಬೋಧಿಸಿದೆ! ಪೂಜೆ ಮುಗಿದ ಮೇಲೆ, ಹತ್ತಿ ಬಿಡಿಸುವ ಕೂಲಿಗೆ ಹೋಗುವ ಒಬ್ಬ ವಯಸ್ಸಾದ ಹೆಣ್ಣುಮಗಳು ಬಾಗಿಲಲ್ಲಿ ನಿಂತು ಕೇಳಿದಳು: "ಫಾದರ್, ನಾವು ಐನೂರು ತಗಂಡ್ರ ಪಾಪ, ನೀವು ಗುಡಿಗಿ ಪತ್ರಾಸು ತಗಂಡ್ರ ಪುಣ್ಯೇನ್ರಿ?"

ನಾನು ಸೆಮಿನರಿಯಲ್ಲಿ ನೀತಿಶಾಸ್ತ್ರವನ್ನು ವರ್ಷಗಟ್ಟಲೆ ಓದಿದವನು. ಆಕೆಯ ಆ ಒಂದು ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಪತ್ರಾಸು ಇವತ್ತಿಗೂ ಅಲ್ಲೇ ಇವೆ. ಮಳೆ ಬಂದಾಗಲೆಲ್ಲ ಅವುಗಳ ಸದ್ದು ನನಗೆ ಬೇರೆಯಾಗಿಯೇ ಕೇಳಿಸುತ್ತದೆ.

ಹಳೆಯ ಒಡಂಬಡಿಕೆಯ ನ್ಯಾಯಸ್ಥಾಪಕರ ಗ್ರಂಥದ ಒಂಬತ್ತನೆಯ ಅಧ್ಯಾಯವನ್ನು ಮನೆಯಲ್ಲಿ ಒಮ್ಮೆ ತೆಗೆದು ಓದಿರಿ. ಅಬಿಮೆಲೆಕನೆಂಬವನು ಶೆಕೆಮ್ ಊರಿನಲ್ಲಿ ಅರಸನಾಗಲು ಹೊರಟ. ಅವನಿಗೆ ಖರ್ಚಿನ ಹಣ ಬಂದದ್ದೆಲ್ಲಿಂದ? ಬಾಳನ ಗುಡಿಯ ಭಂಡಾರದಿಂದ, ಎಪ್ಪತ್ತು ಬೆಳ್ಳಿ ನಾಣ್ಯ. ಅದರಿಂದ ಪುಂಡರನ್ನು ಕೂಲಿಗೆ ಹಿಡಿದು ತನ್ನ ಅಣ್ಣತಮ್ಮಂದಿರನ್ನೇ ಕೊಲ್ಲಿಸಿದ. ತಪ್ಪಿಸಿಕೊಂಡು ಉಳಿದ ಕಿರಿಯ ತಮ್ಮ ಯೋತಾಮನು ಗುಡ್ಡದ ಮೇಲೆ ನಿಂತು ಜನರಿಗೆ ಒಂದು ಕಥೆ ಹೇಳಿದ. ಮರಗಳೆಲ್ಲ ಸೇರಿ ತಮಗೊಬ್ಬ ಅರಸ ಬೇಕೆಂದು ಹೊರಟವು. ಎಣ್ಣೆ ಕೊಡುವ ಓಲಿವ್ ಮರವನ್ನು ಕೇಳಿದವು, ಅದು ಒಲ್ಲೆನೆಂದಿತು. ಅಂಜೂರವೂ ಒಲ್ಲೆನೆಂದಿತು, ದ್ರಾಕ್ಷಿಬಳ್ಳಿಯೂ ಒಲ್ಲೆನೆಂದಿತು. ನನ್ನ ಎಣ್ಣೆ ನನಗೆ, ನನ್ನ ಹಣ್ಣು ನನಗೆ. ಕೊನೆಗೆ ಮುಳ್ಳಿನ ಗಿಡವನ್ನು ಕೇಳಿದಾಗ ಅದು ಆಗಲಿ ಎಂದಿತು, ಬಂದು ನನ್ನ ನೆರಳಿನಲ್ಲಿ ಕೂಡಿರಿ ಎಂದೂ ಕರೆಯಿತು.

ನಮ್ಮ ರಾಯಚೂರು ಜಿಲ್ಲೆಯ ರೈತರಿಗೆ ಈ ಕಥೆ ಬಿಡಿಸಿ ಹೇಳಬೇಕಿಲ್ಲ. ಬಳ್ಳಾರಿ ಜಾಲಿಯ ನೆರಳು ಎಷ್ಟು, ಅದು ಒಮ್ಮೆ ಹೊಲಕ್ಕೆ ಹೊಕ್ಕರೆ ಏನಾಗುತ್ತದೆ ಎಂಬುದನ್ನು ಕಂಡವರು ನಾವು. ಆದರೆ ಕಥೆಯಲ್ಲಿ ನಾನು ಬಹುಕಾಲ ಗಮನಿಸದೆ ಹೋದದ್ದು ಒಂದಿದೆ. ಜಾಲಿ ಯಾರಿಂದಲೂ ಏನನ್ನೂ ಕಿತ್ತುಕೊಳ್ಳಲಿಲ್ಲ. ಒಳ್ಳೆಯ ಮರಗಳು ಬೇಡವೆಂದು ಬಿಟ್ಟ ಜಾಗವನ್ನು ಅದು ತುಂಬಿತು.

"ಹಾಗಾದರೆ ಪ್ರಾಮಾಣಿಕನಾಗಿದ್ದು ಗೆದ್ದ ಒಬ್ಬರನ್ನು ತೋರಿಸಿರಿ" ಎಂದು ಆ ಹುಡುಗನೇ ನನ್ನನ್ನು ಕೇಳಿದ. ನಾನು ನಮ್ಮ ಬಯಲುಸೀಮೆ ಬಿಟ್ಟು ಮಲೆನಾಡಿನ ಒಬ್ಬರ ಹೆಸರು ಹೇಳಿದೆ: ಶಾಂತವೇರಿ ಗೋಪಾಲಗೌಡರು. 1951ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿದಾರರ ಜೊತೆ ನಿಂತ ಸಮಾಜವಾದಿ. 1952ರ ಚುನಾವಣೆಯಲ್ಲಿ ಸಾಗರ ಕಡೆಯಿಂದ ನಿಂತಾಗ ಅವರ ಕೈಯಲ್ಲಿ ಕಾಸಿರಲಿಲ್ಲ. ಎದುರಿಗಿದ್ದದ್ದು ಆಳುವ ಪಕ್ಷ. ಬಡ ಗೇಣಿದಾರರು ಓಟನ್ನೂ ಕೊಟ್ಟರು, ಖರ್ಚಿಗೆ ತಮ್ಮ ಕೈಯಿಂದ ಪುಡಿಗಾಸನ್ನೂ ಕೊಟ್ಟರು. ಗೌಡರು ಗೆದ್ದರು. 1957ರಲ್ಲಿ ಸೋತರು. 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಮತ್ತೆ ಗೆದ್ದರು. ಮಂತ್ರಿ ಪದವಿ ಅವರಿಗೆ ಎಂದೂ ಬರಲಿಲ್ಲ. ಆಸ್ತಿ ಮಾಡದೆ, ಇನ್ನೂ ಐವತ್ತು ತುಂಬುವ ಮೊದಲೇ, 1972ರಲ್ಲಿ ತೀರಿಕೊಂಡರು.

ಇದು ಗೆಲುವೋ ಸೋಲೋ? ಹುಡುಗ ಸ್ವಲ್ಪ ನಿರಾಶನಾದಂತೆ ಕಂಡ. ಮುಂದಿನದನ್ನೂ ಹೇಳಿದೆ. ಅವರು ವಿಧಾನಸಭೆಯಲ್ಲಿ ವಾದಿಸುತ್ತಿದ್ದ ಕರ್ನಾಟಕವೆಂಬ ಹೆಸರು ರಾಜ್ಯಕ್ಕೆ ಬಂದದ್ದು 1973ರಲ್ಲಿ. ಉಳುವವನಿಗೇ ಹೊಲ ಎಂಬ ಭೂಸುಧಾರಣೆ, ದೇವರಾಜ ಅರಸರ ಕಾಲದಲ್ಲಿ, ಜಾರಿಗೆ ಬಂದದ್ದು 1974ರಲ್ಲಿ. ಎರಡನ್ನೂ ಅವರು ಕಣ್ಣಾರೆ ಕಾಣಲಿಲ್ಲ. ಆ ಕಾನೂನು ಮಲೆನಾಡಿಗೆ ಮಾತ್ರವಲ್ಲ, 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ನಮ್ಮ ಈ ಸೀಮೆಗೂ ಬಂತು.

ಮೋಶೆಯು ವಾಗ್ದತ್ತ ನಾಡನ್ನು ಗುಡ್ಡದ ಮೇಲಿಂದ ನೋಡಿ ಕಣ್ಣು ಮುಚ್ಚಿದ. ಸಂತ ಥಾಮಸ್ ಮೋರ್ ಇಂಗ್ಲೆಂಡಿನ ಅತ್ಯುನ್ನತ ಪದವಿಗೇರಿ, ಮನಸ್ಸಾಕ್ಷಿ ಬಿಡಲೊಲ್ಲದೆ 1535ರಲ್ಲಿ ತಲೆ ಕೊಟ್ಟರು. ಅವರನ್ನೇ 2000ದಲ್ಲಿ ಜಗದ್ಗುರು ಎರಡನೇ ಜಾನ್ ಪೌಲರು ರಾಜಕಾರಣಿಗಳ ಪಾಲಕ ಸಂತರೆಂದು ಘೋಷಿಸಿದರು. ಸೋತವರನ್ನು ಪಾಲಕರನ್ನಾಗಿ ಮಾಡುವ ರೂಢಿ ನಮ್ಮ ಧರ್ಮಸಭೆಗೆ ಹೊಸತಲ್ಲ, ಶಿಲುಬೆಯಿಂದಲೇ ಆರಂಭವಾದದ್ದು.

ಆದರೂ ಒಂದು ಎಚ್ಚರಿಕೆ. ಪ್ರಾಮಾಣಿಕತೆಯೊಂದೇ ಸಾಲದು. ಲೆಕ್ಕಪತ್ರ ಓದಲು ಬಾರದ ಪ್ರಾಮಾಣಿಕನಿಂದ ಕಳ್ಳನು ಸಲೀಸಾಗಿ ಸಹಿ ಹಾಕಿಸಿಕೊಳ್ಳುತ್ತಾನೆ. ಊರು ಕೆಟ್ಟದ್ದೇ ಕೆಟ್ಟದ್ದು. ಪಾರಿವಾಳದ ಜೊತೆ ಹಾವಿನ ಹೆಸರನ್ನೂ ಯೇಸುಸ್ವಾಮಿ ಸುಮ್ಮನೆ ತೆಗೆದುಕೊಳ್ಳಲಿಲ್ಲ. ಸಂತ ಥಾಮಸ್ ಅಕ್ವಿನಾಸರು ಸದ್ಗುಣಗಳನ್ನೆಲ್ಲ ನಡೆಸುವುದು ವಿವೇಕವೆಂದು ಕಲಿಸಿದ್ದೂ ಇದಕ್ಕೇ. ಕ್ರಿಯಾಯೋಜನೆ ಓದುವುದನ್ನು, ಗ್ರಾಮಸಭೆಯಲ್ಲಿ ಎದ್ದು ಪ್ರಶ್ನಿಸುವುದನ್ನು, ಮಾಹಿತಿ ಹಕ್ಕಿನ ಅರ್ಜಿ ಹಾಕುವುದನ್ನು ಮೊದಲು ಕಲಿ ಎಂದು ಹುಡುಗನಿಗೆ ಹೇಳಿದೆ. ಅವನಿಗೆ ಅದು ನನಗಿಂತ ಚೆನ್ನಾಗಿ ಗೊತ್ತಿತ್ತು!

ಉಳಿದದ್ದು ಹಣದ ಮಾತು. ನಮ್ಮ ಜಿಲ್ಲೆಯ ಏಳು ವಿಧಾನಸಭಾ ಕ್ಷೇತ್ರಗಳಲ್ಲಿ ಮಾನ್ವಿ, ದೇವದುರ್ಗ ಸೇರಿ ಐದು ಮೀಸಲು. ಬಡವರ ಮಕ್ಕಳಿಗೆ ಸಂವಿಧಾನವು ಬಾಗಿಲು ತೆರೆದಿಟ್ಟಿದೆ. ಹೊಸ್ತಿಲಲ್ಲಿ ರೊಕ್ಕ ಕೂತಿದೆ. ವಿಧಾನಸಭೆಯ ಅಭ್ಯರ್ಥಿಯ ಖರ್ಚಿಗೆ 2022ರಲ್ಲಿ ನಿಗದಿಯಾದ ಮಿತಿಯೇ 40 ಲಕ್ಷ. ಕೂಲಿಯವನ ಮಗ ಆ ಮಿತಿಯವರೆಗೆ ಹೋಗುವುದೂ ಕನಸು. ಗ್ರಾಮ ಪಂಚಾಯಿತಿ ಹಾಗಲ್ಲ. ಅಲ್ಲಿ ಪಕ್ಷದ ಚಿಹ್ನೆಯಿಲ್ಲ, ಸುಮಾರು 400 ಜನಕ್ಕೆ ಒಬ್ಬ ಸದಸ್ಯ. ಯಾರ ಮನೆಯ ಒಲೆ ಉರಿದಿಲ್ಲ ಎಂಬುದು ಕೂಡ ಎಲ್ಲರಿಗೂ ಗೊತ್ತಿರುತ್ತದೆ. ಕಾಸಿಲ್ಲದವನು ಅಲ್ಲಿ ನಿಲ್ಲಬಹುದು, ಆದರೆ ಒಂದು ಷರತ್ತಿದೆ: ಓಣಿಯವರು ಕೈಚಾಚಬಾರದು. ಗೋಪಾಲಗೌಡರಿಗೆ ಓಟು ಹಾಕಿದವರು ಕೈಚಾಚಲಿಲ್ಲ, ತಾವೇ ಕೊಟ್ಟರು. ಒಳ್ಳೆಯವರು ಗೆಲ್ಲುವುದಿಲ್ಲ ಎಂದು ನಾವು ನಿಟ್ಟುಸಿರು ಬಿಡುವಾಗ, ಅವರನ್ನು ಸೋಲಿಸಿದವರು ಯಾರು ಎಂಬುದನ್ನು ಕೇಳಿಕೊಳ್ಳುವುದಿಲ್ಲ. ಪತ್ರಾಸು ತೆಗೆದುಕೊಂಡ ನಾನಂತೂ ಅವರಲ್ಲಿ ಒಬ್ಬ.

ಇದನ್ನೆಲ್ಲ ಆ ತಾಯಿ ಸುಮ್ಮನೆ ಕೇಳಿಸಿಕೊಂಡರು. ಒಪ್ಪಿದರೆಂದು ಹೇಳಲಾರೆ. ಹೋಗುವಾಗ ಬಾಗಿಲ ಬಳಿ ತಿರುಗಿ ಕೇಳಿದರು: "ಇವ ನಿಂತ್ರ, ನಮ್ಮ ಚರ್ಚಿನ ಮಂದಿ ಯಾರ ಹತ್ರಾನೂ ರೊಕ್ಕ ತಗೊಳ್ಳಂಗಿಲ್ಲ ಅಂತ ನೀವು ಮಾತು ಕೊಡ್ತೀರೇನ್ರಿ, ಫಾದರ್?"

ಮಾತು ಕೊಡಲು ನನಗೆ ಧೈರ್ಯ ಸಾಲಲಿಲ್ಲ. ಆ ಹಳ್ಳಿಯಲ್ಲಿ ನಮ್ಮವರದು ಹದಿನಾಲ್ಕು ಮನೆ. ಯಾರಿಗೆ ಓಟು ಹಾಕಬೇಕೆಂದು ಹೇಳುವುದು ಗುರುಗಳ ಕೆಲಸವಲ್ಲ, ಅದನ್ನು ನಾನು ಹೇಳುವುದೂ ಇಲ್ಲ. ಆದರೆ ಬರುವ ಶನಿವಾರ ಸಂಜೆ, ಹೊಲದಿಂದ ಜನ ಮನೆಗೆ ಬರುವ ಹೊತ್ತಿಗೆ, ಆ ಹದಿನಾಲ್ಕು ಮನೆಗೂ ಹೋಗುತ್ತಿದ್ದೇನೆ. ಮೊದಲು ಪತ್ರಾಸಿನ ಕಥೆ ಹೇಳಬೇಕು.